ಕಲ್ಮರಿಗೆಯ ನೀಲಿ ಕಲೆ

ಕೊಪ್ಪದ ಹತ್ತಿರದ ನಮ್ಮ ಹಳೇ ತೊಟ್ಟಿಮನೆಯನ್ನು ಹೋಂಸ್ಟೇ ಮಾಡುತ್ತಿದ್ದಾರೆ. ನನಗೇನೂ ತಕರಾರಿಲ್ಲ. ವರ್ಷವರ್ಷ ಹಂಚು ಕೈಯಾಡಿಸುವುದಕ್ಕೇ ಎಷ್ಟು ದುಡ್ಡು ಬೇಕು ಅಂತ ಮಲೆನಾಡಿನಲ್ಲಿ ಮನೆ ಇಟ್ಟುಕೊಂಡವರಿಗೆ ಗೊತ್ತು.

ಮೊನ್ನೆ ಚಿಕ್ಕಪ್ಪನ ಮಗ ಫೋನ್ ಮಾಡಿದ. "ಅಣ್ಣ, ಕೊಟ್ಟಿಗೆ ಪಕ್ಕದ ಆ ಕಲ್ಮರಿಗೆ ತೆಗೆಸಿಬಿಡ್ತೀನಿ, ಕಾರು ತಿರುಗಿಸೋಕೆ ಜಾಗ ಸಾಲಲ್ಲ" ಅಂದ. ಕಲ್ಮರಿಗೆ ಅಂದರೆ ಕಲ್ಲಿನ ತೊಟ್ಟಿ. ಅಲ್ಲಿಂದ ಶುರುವಾಯಿತು ನೋಡಿ ಜಗಳ.

ಮನೆ ಕಟ್ಟಿಸಿದ್ದು ನಮ್ಮ ಮುತ್ತಜ್ಜ. ಅಡಿಕೆ ಬೆಳೆಗಾರರು, ಮೈಸೂರು ಪ್ರಜಾಪ್ರತಿನಿಧಿ ಸಭೆಗೂ ಹೋಗುತ್ತಿದ್ದರು. 1881ರಲ್ಲಿ ದಿವಾನ್ ರಂಗಾಚಾರ್ಲು ಕಾಲದಲ್ಲಿ 144 ಜನರಿಂದ ಶುರುವಾದ ಸಭೆ ಅದು. ದಸರಾ ಹೊತ್ತಿಗೆ ಮೈಸೂರಿಗೆ ಹೋಗಿ ಊರಿನ ಕಷ್ಟಸುಖ ಹೇಳಿಕೊಂಡು ಬರುವುದು. ಹೋಂಸ್ಟೇ ಬೋರ್ಡಿಗೆ ಈಗ ಅವರ ಜರಿಪೇಟದ ಫೋಟೋ ಬಂದಿದೆ, ಪಕ್ಕದಲ್ಲಿ ಬೀಟೆ ಮರದ ಕಂಬ, ನಮ್ಮ ಕಡೆ ಮುಂಡಿಗೆ ಅನ್ನುವುದು. ಚೆನ್ನಾಗಿಯೇ ಇದೆ. ಆದರೆ ದುಡ್ಡಿದ್ದರೆ ಬೀಟೆ ಮುಂಡಿಗೆ ಯಾರು ಬೇಕಾದರೂ ನಿಲ್ಲಿಸಬಹುದಿತ್ತು, ಅಲ್ವಾ?

ಅವರು ಮಾಡಿದ ಕೆಲಸ ಕಾಣಬೇಕಾದರೆ ಆ ಮರಿಗೆ ನೋಡಬೇಕು. ಒಳಗೆ ಗೇಣುದ್ದ ಎತ್ತರಕ್ಕೆ ನೀಲಿ ಕಲೆ ಕೂತಿದೆ. ಎಷ್ಟು ಉಜ್ಜಿದರೂ ಹೋಗಲ್ಲ. ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ ಕಲೆ ಅದು.

ಆಗ ಆಷಾಢದ ಮಳೆ ಹಿಡಿಯಿತೆಂದರೆ ಅಡಿಕೆಗೆ ಕೊಳೆರೋಗ, ಎಳೆಕಾಯೆಲ್ಲ ನೆಲಕ್ಕೆ. ಮರ ಹತ್ತಿ, ಮಳೆ ತಾಗದಂತೆ ಗೊನೆಗೊನೆಗೂ ಕೊಟ್ಟೆ (ಹೊದಿಕೆ) ಕಟ್ಟುವುದೊಂದೇ ದಾರಿ. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗದ ಬೆನ್ನು ಹತ್ತಿದರು. ಮೈಲುತುತ್ತ, ಸುಣ್ಣ ಕೂಡಿಸಿದ ಬೋರ್ಡೋ ದ್ರಾವಣ ಹೊಡೆಯಿರಿ ಅಂದರು. ತಿನ್ನೋ ಅಡಿಕೆಗೆ ವಿಷ ಹೊಡೀತಾರಂತೆ ಅಂತ ಊರು ನಕ್ಕಿತಂತೆ. ಮುತ್ತಜ್ಜ ಹೊಡೆಸಿದರು.

ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆಬೇರೆ ಕರಗಿಸಿ ಆಮೇಲೆ ಕೂಡಿಸಬೇಕು. ಕಬ್ಬಿಣದ ಪಾತ್ರೆ ಆಗಲ್ಲ, ತುತ್ತ ಅದನ್ನು ತಿಂದುಬಿಡುತ್ತದೆ. ಅದಕ್ಕೇ ಕಲ್ಲಿನ ಮರಿಗೆ. ಹದ ಬಂದಿದೆಯಾ ನೋಡಲು ಕತ್ತಿಯ ತುದಿ ಅದ್ದುವುದು. ಕೆಂಪಗೆ ತಾಮ್ರ ಮೆತ್ತಿಕೊಂಡರೆ ಇನ್ನಷ್ಟು ಸುಣ್ಣ. ನನ್ನಜ್ಜ ಹೀಗೆ ಕತ್ತಿ ಅದ್ದಿ, ಬೆಳಕಿಗೆ ಹಿಡಿದು, ಪಂಚೆಗೆ ಒರೆಸಿಕೊಂಡು, ಮತ್ತೆ ಅದ್ದುತ್ತಿದ್ದುದನ್ನು ನಾನೇ ನೋಡಿದ್ದೇನೆ. ಅಜ್ಜಿ ಆ ಪಂಚೆಗಾಗಿ ಬೈಯುತ್ತಿದ್ದರು.

ಇನ್ನೊಂದು ಮಾತು. ಮಳೆಯಲ್ಲಿ ಮರ ಹತ್ತಿದ್ದು ಮುತ್ತಜ್ಜ ಅಲ್ಲ, ಕೊನೆಗಾರರು, ಅಂದರೆ ಅಡಿಕೆ ಮರ ಹತ್ತುವ ಕೆಲಸದವರು. ಅವರ ಫೋಟೋ ನಮ್ಮ ಮನೆಯಲ್ಲಿ ಒಂದೂ ಇಲ್ಲ, ಹೆಸರೂ ಯಾರೂ ಬರೆದಿಟ್ಟಿಲ್ಲ. ಇಡೀ ಮನೆಯಲ್ಲಿ ಅವರ ಕೈ ತಾಗಿದ್ದು ಅಂತ ಬೆರಳು ಮಾಡಿ ತೋರಿಸಬಹುದಾದ್ದು ಈ ಮರಿಗೆ ಒಂದೇ. ಅದನ್ನು ಒಡೆದು ಜರಿಪೇಟ ಮಾತ್ರ ನೇತುಹಾಕಿದರೆ ನನಗೆ ನಾಚಿಕೆಯಾಗುತ್ತದೆ.

"ಬಂದ ಗೆಸ್ಟಿಗೆ ಕಲ್ಲು ತೋರಿಸಿ ಏನಂತ ಹೇಳಲಿ?" ಅಂತ ತಮ್ಮ ಕೇಳಿದ. ಜೂನಿನಲ್ಲಿ ಬಂದವರೆದುರು ತುತ್ತ ಕದಡಿ ಕತ್ತಿ ಅದ್ದು ಮಾರಾಯ, ಅವರೇ ಕೇಳ್ತಾರೆ ಅಂದೆ. ಕಾರಿಗೆ ಅಡಿಕೆ ಒಣಗಿಸುವ ಅಂಗಳ ಇದ್ದೇ ಇದೆ. ಕೊಯ್ಲಿನ ಕಾಲ ಬಿಟ್ಟರೆ ಅದು ಖಾಲಿ.

ಅವನಿನ್ನೂ ಹ್ಞೂಂ ಅಂದಿಲ್ಲ. ಈ ಭಾನುವಾರ ಊರಿಗೆ ಹೋಗುತ್ತಿದ್ದೇನೆ.