ಬಾಳೆಹಣ್ಣು ಕೊಡುವ ಸಂದೇಶವೇನು?

ಒಂಬತ್ತು ನಿಮಿಷದ ಚಿತ್ರವೊಂದನ್ನು ತೋರಿಸಲು ದಾವಣಗೆರೆಯಲ್ಲಿ ಎಷ್ಟು ಹೊತ್ತು ಬೇಕು? ಕಳೆದ ಶನಿವಾರದ ಲೆಕ್ಕ ನನ್ನ ಬಳಿ ಇದೆ. ಪ್ರಾರ್ಥನೆ, ಸ್ವಾಗತ, ಕುಂಡದ ಗಿಡಕ್ಕೆ ನೀರೆರೆಯುವುದು, ಪ್ರಾಸ್ತಾವಿಕ ನುಡಿ, ಇಷ್ಟಕ್ಕೆ ಐವತ್ತು ನಿಮಿಷ. ಚಿತ್ರಕ್ಕೆ ಒಂಬತ್ತು. ಆಮೇಲೆ ‘ಪ್ರೇಕ್ಷಕರ ಅನಿಸಿಕೆ’ಗೆ ಎರಡು ಗಂಟೆ ಹತ್ತು ನಿಮಿಷ. ವಂದನಾರ್ಪಣೆ ಮಾಡಬೇಕಾದವರು ಅಷ್ಟರಲ್ಲಿ ಎದ್ದು ಮನೆಗೆ ಹೋಗಿದ್ದರಿಂದ ಆ ಬಾಬತ್ತಿನಲ್ಲಿ ಸ್ವಲ್ಪ ಉಳಿತಾಯವಾಯಿತು.

ತಪ್ಪು ನನ್ನದೇ. ‘ಏನಾದರೂ ಹೊಸದು ತೋರಿಸೋಣ ಸರ್’ ಎಂದು ಬಡಾವಣೆಯ ಗೆಳೆಯರು ಕೇಳಿದಾಗ, ಅಮೆರಿಕದ ಡಾನ್ ಹರ್ಟ್ಸ್‌ಫೆಲ್ಟ್ 2000ದಲ್ಲಿ ಮಾಡಿದ ‘ರಿಜೆಕ್ಟೆಡ್’ ಎಂಬ ಕಿರುಚಿತ್ರದ ಹೆಸರು ಹೇಳಿದೆ. ಕಾರ್ಟೂನು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಸಂಘಟಕರು ಹತ್ತಿರದ ಶಾಲೆಯ ನಲವತ್ತು ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಬಂದು ಮುಂದೆ ಕೂರಿಸಿದರು. ಗೆರೆಯಲ್ಲಿ ಬರೆದದ್ದೆಲ್ಲ ಮಕ್ಕಳದು ಎಂಬುದು ನಮ್ಮಲ್ಲಿ ಇತ್ಯರ್ಥವಾಗಿ ಹೋಗಿರುವ ಸಂಗತಿ.

ಚಿತ್ರದ ಕತೆ ಇಷ್ಟೇ. ಒಂದು ಟಿವಿ ವಾಹಿನಿಯೂ ಒಂದು ಕಂಪನಿಯೂ ಒಬ್ಬ ಚಿತ್ರಕಾರನಿಗೆ ಜಾಹೀರಾತು ಬರೆದುಕೊಡಲು ಹೇಳುತ್ತವೆ. ಅವನು ಬರೆದದ್ದೆಲ್ಲ ತಿರಸ್ಕೃತವಾಗುತ್ತದೆ. ಬರೆಯುತ್ತ ಬರೆಯುತ್ತ ಅವನ ತಲೆ ಕೆಡುತ್ತದೆ. ಬಿಳಿ ಕಾಗದದ ಮೇಲೆ ಗೀಚಿದ ಒಬ್ಬ ಆಸಾಮಿ, ಅವನ ಮುಂದೆ ಒಂದು ಬಟ್ಟಲು, ಬಟ್ಟಲಿಗೆ ಒಗ್ಗದಷ್ಟು ದೊಡ್ಡ ಚಮಚ. ಚಮಚ ದೊಡ್ಡದಾಯಿತು ಎಂದು ಅವನು ಮತ್ತೆ ಮತ್ತೆ ಗೋಳಾಡುತ್ತಾನೆ. ಒಂದು ಬಾಳೆಹಣ್ಣು ನಡೆದು ಬಂದು, ತಾನು ಬಾಳೆಹಣ್ಣು ಎಂದು ಸಾರುತ್ತದೆ. ಅಲ್ಲಿಗೆ ಆ ಜಾಹೀರಾತು ಮುಗಿಯಿತು. ಕೊನೆಯಲ್ಲಿ ಕಾಗದವೇ ಮುದುಡಿ ಹರಿಯತೊಡಗುತ್ತದೆ, ಬರೆದ ಗೊಂಬೆಗಳು ಜೀವ ಉಳಿಸಿಕೊಳ್ಳಲು ಓಡುತ್ತವೆ, ಕಾಗದದ ಒಳಗಿನಿಂದ ಗುದ್ದುತ್ತವೆ.

ಈ ಭಾಗ ಬಂದಾಗ ನಮ್ಮ ಕಾರ್ಯದರ್ಶಿಗಳು ಪ್ರೊಜೆಕ್ಟರ್ ಕೆಟ್ಟಿತೆಂದು ಗಾಬರಿಯಾಗಿ ಸಭಾಂಗಣದ ಅಷ್ಟೂ ದೀಪ ಹಾಕಿಸಿದರು. ಯಂತ್ರದ ನೆತ್ತಿಗೆ ಎರಡು ಏಟು ಕೊಟ್ಟರು. ತೆರೆಯ ಮೇಲೆ ಗೊಂಬೆಗಳು ಸಾಯುತ್ತಿದ್ದರೆ ಅವುಗಳ ನಡುವೆ ಕಾರ್ಯದರ್ಶಿಗಳ ನೆರಳು ವೈರು ಎಳೆಯುತ್ತ ಓಡಾಡುತ್ತಿತ್ತು. ಮೂಲ ಚಿತ್ರಕ್ಕಿಂತ ಅದು ಚೆನ್ನಾಗಿತ್ತು ಎಂದರೆ ನಿರ್ದೇಶಕರು ಬೇಸರ ಮಾಡಿಕೊಳ್ಳಬಾರದು.

ಅನಿಸಿಕೆ ಶುರುವಾಯಿತು. ನಿವೃತ್ತ ಕನ್ನಡ ಮೇಷ್ಟರು ಮೈಕ್ ಹಿಡಿದು, ‘ಬಾಳೆಹಣ್ಣಿಗೆ ತಾನು ಬಾಳೆಹಣ್ಣೆಂಬ ಅರಿವಿದೆ. ನಮಗಿದೆಯೇ?’ ಎಂದು ಕೇಳಿ ಎರಡು ನಿಮಿಷ ಮೌನವಾಗಿ ನಿಂತರು. ಯಾರೂ ಉತ್ತರಿಸಲಿಲ್ಲ. ಚಪ್ಪಾಳೆ ಬಿತ್ತು. ಚಿಂದೋಡಿ ಲೀಲಾ ಅವರ ಕಂಪನಿ ನಾಟಕಗಳನ್ನು ನೋಡಿ ಬೆಳೆದ ಹಿರಿಯರೊಬ್ಬರು, ನಾಯಕಿಯ ಪ್ರವೇಶ ಯಾವಾಗ ಎಂದು ವಿಚಾರಿಸಿ, ಇಲ್ಲವೆಂದು ತಿಳಿದು ಕುಳಿತರು.

ಆಮೇಲೆ ಎದ್ದವನು, ನಮ್ಮ ವಾರ್ಡಿನ ಮುಖಂಡರ ಬೆನ್ನ ಹಿಂದೆ ಸದಾ ನೀರಿನ ಬಾಟಲಿ ಮತ್ತು ಎರಡು ಮೊಬೈಲ್ ಹಿಡಿದು ನಿಲ್ಲುವ ಯುವಕ. ಮುಖ ಕೆಂಪಾಗಿತ್ತು.

‘ಚಮಚ ದೊಡ್ಡದಾಯಿತು ಎಂದರೆ ಏನರ್ಥ? ಯಾರನ್ನು ಕುರಿತು ಹೇಳಿದ್ದು? ಧೈರ್ಯವಿದ್ದರೆ ಹೆಸರು ಹೇಳಲಿ.’

ಇದು ಅಮೆರಿಕದ ಚಿತ್ರ, ಇಪ್ಪತ್ತೈದು ವರ್ಷ ಹಿಂದಿನದು, ಇಲ್ಲಿ ಚಮಚ ಎಂದರೆ ಊಟದ ಚಮಚ ಎಂದು ನಾನು ವಿವರಿಸಿದೆ. ಅವನು ಒಪ್ಪಲಿಲ್ಲ. ‘ಅಷ್ಟು ದೂರ ಕುಳಿತವರಿಗೆ ನಮ್ಮ ವಾರ್ಡಿನ ವಿಚಾರ ಗೊತ್ತಾಗುವುದು ಹೇಗೆ ಸರ್? ಇಲ್ಲಿಂದ ಯಾರೋ ಮಾಹಿತಿ ಕೊಟ್ಟಿದ್ದಾರೆ’ ಎಂದು ನನ್ನನ್ನೇ ದಿಟ್ಟಿಸಿದ. ಮುಖಂಡರು ಮಧ್ಯೆ ಪ್ರವೇಶಿಸಿ, ‘ಕುಳಿತುಕೋ ತಮ್ಮಾ, ಅದು ನಿನಗೆ ಹೇಳಿದ್ದಲ್ಲ’ ಎಂದು ಸಮಾಧಾನ ಮಾಡಿದರು. ಹಾಗಾದರೆ ಯಾರಿಗೆ ಎಂದು ಸಭೆ ಅತ್ತಿತ್ತ ನೋಡಿತು. ವೇದಿಕೆಯ ಮೇಲಿದ್ದ ಮೂವರು ಒಟ್ಟಿಗೇ ತಲೆ ತಗ್ಗಿಸಿ ಶಾಲಿನ ಅಂಚು ಸರಿಮಾಡಿಕೊಂಡರು.

ಚಿತ್ರದಲ್ಲಿ ಹತ್ತಿಯ ಉಂಡೆಯಂಥ ಒಂದು ಪ್ರಾಣಿ ಬರುತ್ತದೆ. ಕೂರುವ ಜಾಗದಿಂದ ತನಗೆ ರಕ್ತ ಹೋಗುತ್ತಿದೆ ಎಂದು ಅದು ಸಂತೋಷದಿಂದಲೇ ಘೋಷಿಸುತ್ತದೆ, ಸುತ್ತಲಿನವು ಹರ್ಷೋದ್ಗಾರ ಮಾಡುತ್ತವೆ. ಮಕ್ಕಳು ಇಲ್ಲಿ ಬಿದ್ದು ಬಿದ್ದು ನಕ್ಕರು, ಅವರ ಮೇಡಂ ಗದರಿಸಿ ಸುಮ್ಮನಾಗಿಸಿದರು. ದಾವಣಗೆರೆಯಲ್ಲಿ ವೈದ್ಯಕೀಯ ಕಾಲೇಜು ಶುರುವಾದದ್ದು 1965ರಲ್ಲಿ. ಅಂದಿನಿಂದ ವೈದ್ಯರಿಲ್ಲದ ಸಭೆಯನ್ನು ಈ ಊರು ಕಂಡಿಲ್ಲ. ಎರಡನೆಯ ಸಾಲಿನ ಶಸ್ತ್ರಚಿಕಿತ್ಸಕರು ಎದ್ದು, ಇದು ಮೂಲವ್ಯಾಧಿಯ ಲಕ್ಷಣವೆಂದೂ, ರೋಗಿಯು ನಗುತ್ತಿದ್ದಾನೆಂದು ಅಲಕ್ಷ್ಯ ಮಾಡಬಾರದೆಂದೂ, ಸಂಜೆ ಹೊತ್ತು ಮಂಡಕ್ಕಿಯ ಜೊತೆ ನಾಲ್ಕು ನಾಲ್ಕು ಮೆಣಸಿನಕಾಯಿ ತಿನ್ನುವುದನ್ನು ಈ ಊರಿನವರು ಬಿಡಬೇಕೆಂದೂ ಇಪ್ಪತ್ತು ನಿಮಿಷ ತಿಳಿಹೇಳಿದರು. ಇಡೀ ಸಂಜೆ ಒಂದು ಸ್ಪಷ್ಟ ಸಂದೇಶ ಸಿಕ್ಕಿದ್ದು ಇಲ್ಲಿ ಮಾತ್ರ. ಹಲವರು ಬರೆದುಕೊಂಡರು.

ಅಧ್ಯಕ್ಷರಿಗೆ ಈ ಪ್ರಾಣಿಯ ಬಗ್ಗೆಯೇ ತಕರಾರು. ಅಶ್ಲೀಲ, ನಮ್ಮ ಸಂಸ್ಕೃತಿಗೆ ಒಗ್ಗದ್ದು ಎಂದರು. 2025ರಲ್ಲಿ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದಾಗ ಇದೇ ಅಧ್ಯಕ್ಷರು ಇದೇ ವೇದಿಕೆಯಲ್ಲಿ ತೊಗಲುಗೊಂಬೆಯಾಟದ ಹಿರಿಮೆ ಕುರಿತು ಮುಕ್ಕಾಲು ಗಂಟೆ ಮಾತನಾಡಿದ್ದರು. ಆ ಆಟದ ಕಿಳ್ಳೇಕ್ಯಾತ ಯಾರು? ಡೊಳ್ಳುಹೊಟ್ಟೆ, ದಪ್ಪ ತುಟಿ, ಕೆದರಿದ ಕೂದಲು. ರಾಮಾಯಣದ ನಡುವೆ ಹೇಳದೆ ಕೇಳದೆ ನುಗ್ಗಿ, ಹೆಂಡತಿ ಬಂಗಾರಕ್ಕನ ಜೊತೆ ಜಗಳವಾಡಿ, ಅಚ್ಚು ಹಾಕಲಾಗದ ಮಾತುಗಳಲ್ಲಿ ಊರನ್ನು ನಗಿಸುವವನು. ಅವನಿಗೆ ಸಂದೇಶ ಕೇಳಿದವರಿಲ್ಲ. ಮಳೆ ಬರಲೆಂದು ಅವನ ಆಟ ಆಡಿಸುತ್ತಿದ್ದರು. ತೊಗಲಾದರೆ ಜಾನಪದ, ಕಾಗದವಾದರೆ ಅಶ್ಲೀಲ. ನಾನು ಇದನ್ನು ಹೇಳಲೆಂದು ಕೈ ಎತ್ತಿದೆ. ನೀರು ಬೇಕೆಂದು ತಿಳಿದು ಬಾಟಲಿ ತಂದುಕೊಟ್ಟರು.

‘ಪ್ರಶಸ್ತಿ ಬಂದಿದೆಯೇ?’ ಎಂದು ಯಾರೋ ಕೂಗಿದರು. 2001ರಲ್ಲಿ ಆಸ್ಕರ್‌ಗೆ ನಾಮನಿರ್ದೇಶನವಾಗಿತ್ತು, ಕೊನೆಗೆ ಪ್ರಶಸ್ತಿ ‘ಫಾದರ್ ಅಂಡ್ ಡಾಟರ್’ ಎಂಬ ಚಿತ್ರದ ಪಾಲಾಯಿತು ಎಂದೆ. ಸಭೆ ನಿಟ್ಟುಸಿರು ಬಿಟ್ಟಿತು. ‘ನೋಡಿ, ತಂದೆ ಮಗಳು! ಅದರಲ್ಲಿ ಸಂದೇಶವಿದೆ’ ಎಂದರು ಮೇಷ್ಟರು, ಆ ಚಿತ್ರ ನೋಡದೆಯೇ. ಮುಂದಿನ ಬಾರಿ ಅದನ್ನೇ ತೋರಿಸಬೇಕೆಂದು ಅಲ್ಲಿಯೇ ನಿರ್ಣಯವಾಯಿತು.

ಚಿತ್ರವನ್ನು ಮನಸಾರೆ ಮೆಚ್ಚಿದವರು ಒಬ್ಬರೇ, ಚೌಕಿಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಯಜಮಾನರು. ‘ಪಾಪ, ಇಷ್ಟೆಲ್ಲ ಬರೆದ ಹುಡುಗನಿಗೆ ಆ ಕಂಪನಿಯವರು ಹೀಗೆ ಮಾಡಬಾರದಿತ್ತು’ ಎಂದು ಹೊರಗೆ ಚಪ್ಪಲಿ ಹುಡುಕುತ್ತ ನನ್ನ ಕೈ ಹಿಡಿದುಕೊಂಡರು. ಕಂಪನಿಯೂ ಇಲ್ಲ, ತಿರಸ್ಕಾರವೂ ಇಲ್ಲ, ಎಲ್ಲ ಕಟ್ಟುಕತೆ, ಆತ ಜಾಹೀರಾತಿನ ಕೆಲಸ ಮುಟ್ಟುವವನೇ ಅಲ್ಲ ಎಂದು ತಿಳಿಸಿದೆ. ಇದು ನಿಜವೆಂದೇ ನಂಬಿದವರು ಅಮೆರಿಕದಲ್ಲೂ ಇದ್ದರಂತೆ, ಹಾಗಾಗಿ ಯಜಮಾನರನ್ನು ನಾನು ನಗುವುದಿಲ್ಲ. ಅವರು ತಲೆಯಾಡಿಸಿದರು. ಮರುದಿನ ಬೆಳಿಗ್ಗೆ ಎಂಟಕ್ಕೆ ಫೋನು.

‘ಸರ್, ದೀಪಾವಳಿಗೆ ನಮ್ಮ ಅಂಗಡಿಯದೊಂದು ಜಾಹೀರಾತು ಆ ಹುಡುಗನ ಕೈಯಲ್ಲೇ ಬರೆಸೋಣ. ಆದದ್ದಾಯಿತು, ನಾವಾದರೂ ಅವನ ಕೈಹಿಡಿಯೋಣ. ಚಮಚ ಮಾತ್ರ ಸ್ವಲ್ಪ ಸಣ್ಣದು ಮಾಡಲಿ. ಬಾಳೆಹಣ್ಣಿಗೆ ರೇಷ್ಮೆ ಸೀರೆ ಉಡಿಸಲಿ. ಆ ಕೆಂಪು ಬಣ್ಣ ಚೆನ್ನಾಗಿದೆ, ಅದನ್ನು ಸೀರೆಯ ಅಂಚಿಗೆ ಹಾಕಿದರೆ ಎದ್ದು ಕಾಣುತ್ತದೆ. ಕೊನೆಗೆ ಕಾಗದ ಹರಿಯುವುದು ಬೇಡ, ಹಬ್ಬದ ಹೊತ್ತು.’

ಹೇಳಿ ನೋಡುತ್ತೇನೆ ಎಂದೆ. ಇನ್ನೇನು ಹೇಳಲಿ?

ಸಂಜೆ ಮತ್ತೆ ಫೋನು ಬಂತು. ದನಿ ಇಳಿದಿತ್ತು.

‘ಬೇಡ ಬಿಡಿ ಸರ್. ಮನೆಯಲ್ಲಿ ತೋರಿಸಿದೆ, ಯಾರಿಗೂ ಒಪ್ಪಿಗೆಯಾಗಲಿಲ್ಲ. ಬಾಳೆಹಣ್ಣಿನ ಬದಲು ಮಾವಿನಹಣ್ಣು ಹಾಕಿ ಕೊಡುವುದಾದರೆ ಮುಂದಿನ ವರ್ಷ ನೋಡೋಣ. ಹುಡುಗನಿಗೆ ಬೇಸರವಾಗದ ಹಾಗೆ ತಿಳಿಸಿ.’