ಕಸಾಯಿಖಾನೆ ಮುಚ್ಚಿದರೆ ಕುದುರೆ ಉಳಿಯಿತು ಅಂತಲ್ಲ

"ಅಮೆರಿಕದಲ್ಲಿ 2007ರಿಂದ ಕುದುರೆಗಳನ್ನು ಮಾಂಸಕ್ಕೆ ಕೊಲ್ಲುವುದು ನಿಂತಿದೆ, ಈಗ ಅವು ಸುರಕ್ಷಿತ" ಅನ್ನುವ ಮೆಸೇಜ್ ಓಡಾಡುತ್ತಿದೆ. ಇದು ಅರ್ಧ ಸತ್ಯ.

ಟೆಕ್ಸಾಸ್‌ನ ಎರಡು, ಇಲಿನಾಯ್‌ನ ಒಂದು, ಹೀಗೆ ಉಳಿದಿದ್ದ ಮೂರೂ ಕಸಾಯಿಖಾನೆ ಆ ವರ್ಷ ಮುಚ್ಚಿದ್ದು ನಿಜ. ಆದರೆ ಕುದುರೆಗಳು ಲಾರಿ ಹತ್ತಿ ಕೆನಡಾ, ಮೆಕ್ಸಿಕೋಗೆ ಹೋದವು. 2011ರಲ್ಲಿ ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ ಕೊಟ್ಟ ವರದಿ ಪ್ರಕಾರ 2010ರಲ್ಲಿ ಹೀಗೆ ಹೋದವು ಸುಮಾರು 1,38,000, ಅಂದರೆ ಮುಚ್ಚುವ ಮುಂಚೆ 2006ರಲ್ಲಿ ಒಟ್ಟು ಮಾಂಸಕ್ಕೆ ಹೋದಷ್ಟೇ. ಪ್ರಯಾಣ ಮಾತ್ರ ಜಾಸ್ತಿ ಆಯಿತು. ನೀರು, ಮೇವು ಇಲ್ಲದೆ 28 ಗಂಟೆವರೆಗೆ ಸಾಗಿಸಲು ನಿಯಮವೇ ಬಿಡುತ್ತದೆ, ಸಂಕಟ ಆಗಲ್ವಾ?

ಹಾಗಂತ ಕುದುರೆ ಮಾಂಸ ತಿಂದರೆ ತಳಿ ಉಳಿಯುತ್ತದೆ, ಅದು ಕುದುರೆಗೇ ಒಳ್ಳೆಯದು ಅನ್ನೋ ವಾದವೂ ಪೂರ್ತಿ ಸರಿಯಲ್ಲ. ಫ್ರಾನ್ಸ್‌ನಲ್ಲಿ ಟ್ರ್ಯಾಕ್ಟರ್ ಬಂದ ಮೇಲೆ ಬ್ರೆಟನ್‌ನಂಥ ಭಾರಿ ತಳಿಗಳು ಉಳಿಯಲು ಮಾಂಸದ ಬೇಡಿಕೆ ನೆರವಾಯಿತು, ನಿಜ. ಆದರೆ ಅಮೆರಿಕದ ಕುದುರೆಗಳು ರೇಸು, ಸವಾರಿಯವು. ಅಂಥವಕ್ಕೆ ನೋವಿಗೆ ಕೊಡುವ ಫಿನೈಲ್‌ಬ್ಯುಟಜೋನ್ ಔಷಧಿ ಸೇರಿದ ಮಾಂಸ ಮನುಷ್ಯರು ತಿನ್ನುವಂಥದ್ದಲ್ಲ.

ತಿನ್ನುವುದು ಬಿಡುವುದು ಅವರವರ ಊಟದ ಪದ್ಧತಿ, ಜಪಾನಿನ ಕುಮಾಮೊಟೊದಲ್ಲಿ ಹಸಿಯಾಗಿಯೇ ತಿನ್ನುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಮುದಿ ಕುದುರೆಯನ್ನು ಮಾಲೀಕ ಕೊನೆವರೆಗೆ ಹೇಗೆ ನೋಡಿಕೊಳ್ಳುತ್ತಾನೆ ಅನ್ನೋದು.