ಕೂರುತ್ತೆ ಸಾರ್!

ನಾಲ್ಕಿಂಚಿನ ಪೈಪು. ನಾಲ್ಕಿಂಚಿನ ಹೋಸು. ನಾಲ್ಕಿಂಚಿನ ಬಾಯಿಯ ಡಸ್ಟ್ ಕಲೆಕ್ಟರು, ಅಂದರೆ ಮನೆಯ ಮರಗೆಲಸದ ಧೂಳನ್ನು ಎಳೆದು ಚೀಲಕ್ಕೆ ತುಂಬುವ ಯಂತ್ರ. ಮೂರೂ ನಾಲ್ಕಿಂಚೇ, ಆದರೆ ಒಂದರೊಳಗೊಂದು ಕೂರುವುದಿಲ್ಲ. ಅಂಗಡಿಯಲ್ಲಿ ಕೇಳಿದಾಗ ಮಾತ್ರ, ಪೈಪನ್ನು ತಿರುಗಿಸಿಯೂ ನೋಡದೆ, ಬಿಲ್ಲು ಹರಿಯುತ್ತಲೇ ಉತ್ತರ ಬಂದಿರುತ್ತದೆ: "ಕೂರುತ್ತೆ ಸಾರ್."

ಬೆಂಗಳೂರಿನ ಹಾರ್ಡ್‌ವೇರ್ ಲೋಕ ನಿಂತಿರುವುದೇ ಈ ಎರಡು ಪದಗಳ ಮೇಲೆ. ನಲ್ಲಿ ವಾಷರಿಗೂ ಅದೇ, ಕುಕ್ಕರ್ ಗ್ಯಾಸ್ಕೆಟ್ಟಿಗೂ ಅದೇ. ಪಳಗಿದ ಕಿವಿಗೆ ಅದರ ಒಳಾರ್ಥ ಗೊತ್ತಾಗುತ್ತದೆ. ಬರೀ "ಕೂರುತ್ತೆ" ಅಂದರೆ ಅಳತೆ ಅವನಿಗೂ ಗೊತ್ತಿಲ್ಲ. "ಆರಾಮಾಗಿ ಕೂರುತ್ತೆ" ಅಂದರೆ ಲೊಡಲೊಡ ಅನ್ನುತ್ತೆ. "ಸ್ವಲ್ಪ ಒತ್ತಿದ್ರೆ ಕೂರುತ್ತೆ" ಅಂದರೆ ಮನೆಯಲ್ಲಿ ಸುತ್ತಿಗೆ ಇರಬೇಕು. "ಎಲ್ಲಾರೂ ಇದನ್ನೇ ತಗೊಂಡೋಗ್ತಾರೆ, ಕೂರುತ್ತೆ" ಅಂದರೆ ಎಲ್ಲರೂ ವಾಪಸ್ಸು ತಂದಿದ್ದಾರೆ. "ಕೂರ್ಲಿಲ್ಲ ಅಂದ್ರೆ ತನ್ನಿ ಸಾರ್, ನೋಡೋಣ" ಅಂತ ಅಭಯ ಕೊಟ್ಟಿದ್ದನಲ್ಲ, ಅದನ್ನು ನಂಬಿ ಹೋದರೆ ಅವನು ನಿಜವಾಗಿಯೂ ನೋಡುತ್ತಾನೆ. ನೋಡಿ, "ಕಟ್ ಮಾಡ್ಬಿಟ್ಟಿದೀರಲ್ಲ ಸಾರ್" ಅನ್ನುತ್ತಾನೆ.

ಇದರ ಲೆಕ್ಕ ಇಷ್ಟೇ. ನಮ್ಮಲ್ಲಿ ನಾಲ್ಕಿಂಚು ಅಂತ ಮಾರುವ ಎಸ್‌ಡಬ್ಲ್ಯುಆರ್ ಪೈಪಿನ (ಮನೆಯ ಕೊಳಚೆ ನೀರು, ಮಳೆನೀರು ಹೋಗುವ ಪಿವಿಸಿ ಪೈಪು) ಹೊರ ಅಳತೆ 110 ಮಿ.ಮೀ. ಯಂತ್ರದ ಬಾಯಿ ಹೊರಗಿನಿಂದ 100 ಮಿ.ಮೀ. ಹೋಸಿನ ಒಳ ಅಳತೆಯೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಹೋಸು ಯಂತ್ರದ ಮೇಲೆ ಸರಿಯಾಗಿ ಕೂರುತ್ತದೆ, ಪೈಪಿನ ಮೇಲೆ ಏರುವುದೇ ಇಲ್ಲ. ಗೋಡೆಯ ದಪ್ಪ ಕಳೆದರೂ ಪೈಪು ಯಂತ್ರದ ಬಾಯಿಗೆ ಮುತ್ತಜ್ಜನ ಉಂಗುರದ ಹಾಗೆ ಐದು ಮಿ.ಮೀ. ಸಡಿಲ. ಆ ಸಂದಿಯಲ್ಲಿ ಯಂತ್ರ ಎಳೆಯುವುದು ಕೋಣೆಯ ಗಾಳಿಯನ್ನು. ಗರಗಸದ ಹತ್ತಿರದ ಧೂಳು ಗರಗಸದ ಹತ್ತಿರವೇ ಉಳಿಯುತ್ತದೆ.

ಪೈಪು ಕೂರದಿದ್ದರೆ ಧೂಳು ಕೂರುತ್ತದೆ, ಯಂತ್ರವೇ ಇಲ್ಲದಿದ್ದರಂತೂ ಕೇಳುವುದೇ ಬೇಡ. ಫ್ರಿಜ್ಜಿನ ನೆತ್ತಿಯ ಮೇಲೆ, ಉಪ್ಪಿನಕಾಯಿ ಜಾಡಿಯ ಬಟ್ಟೆಯ ಮೇಲೆ, ಒಣಹಾಕಿದ ಬಿಳಿ ಪಂಚೆಯ ಮೇಲೆ. ಮನೆಯ ಹಿರಿಯರೊಬ್ಬರು ಟಿವಿಯ ಮೇಲೆ ಒಂದು ಗೆರೆ ಎಳೆದು, ಮಾತಿಲ್ಲದೆ ಬೆರಳನ್ನೆತ್ತಿ ತೋರಿಸಿದ ದಿನ ನಾವು ಡಸ್ಟ್ ಕಲೆಕ್ಟರ್ ಕೊಳ್ಳಲು ಹೊರಡುತ್ತೇವೆ.

ಹೊರಡುವ ಮುಂಚೆ ಒಂದು ವಿಷಯ ಇತ್ಯರ್ಥವಾಗಬೇಕು. ವರ್ಕ್‌ಶಾಪ್ ವ್ಯಾಕ್ಯೂಮ್ ಬೇರೆ, ಡಸ್ಟ್ ಕಲೆಕ್ಟರ್ ಬೇರೆ. ವ್ಯಾಕ್ಯೂಮಿನದು ಸಪೂರ ಹೋಸು, ಬಲವಾದ ಎಳೆತ, ಸ್ವಲ್ಪ ಗಾಳಿ. ಸ್ಯಾಂಡರು, ಜಿಗ್‌ಸಾ, ರೌಟರಿನಂಥ ಸಣ್ಣ ಬಾಯಿಯವಕ್ಕೆ ಅದೇ ಸರಿ. ಡಸ್ಟ್ ಕಲೆಕ್ಟರಿನದು ದಪ್ಪ ಹೋಸು, ಮೆದು ಎಳೆತ, ರಾಶಿ ಗಾಳಿ. ಟೇಬಲ್ ಸಾ, ಪ್ಲೇನರ್ ಇದ್ದವರಿಗೆ ಅದಿಲ್ಲದೆ ಆಗದು. ಕಲೆಕ್ಟರಿಗೆ ಸಪೂರ ಹೋಸು ಸಿಕ್ಕಿಸಿ ಸ್ಯಾಂಡರಿಗೆ ಕಟ್ಟುವುದು, ಬೂದುಗುಂಬಳಕಾಯಿಯನ್ನು ಸ್ಟ್ರಾ ಹಾಕಿ ಕುಡಿಯಲು ಹೋದಂತೆ.

ಬೆಂಗಳೂರಿನ ಹಾರ್ಡ್‌ವೇರ್ ಪೇಟೆಯಾದ ಎಸ್‌ಜೆಪಿ ರಸ್ತೆಯಲ್ಲಿ ಏನೇ ಕೇಳಿ, ಉತ್ತರ ಎಚ್‌ಪಿಯಲ್ಲೇ ಬರುತ್ತದೆ. ಚೀಲ ಎಷ್ಟು ಮೈಕ್ರಾನ್, ಅಂದರೆ ಎಷ್ಟು ನುಣ್ಣನೆಯ ಧೂಳನ್ನು ಹಿಡಿಯುತ್ತದೆ? "ಎರಡು ಎಚ್‌ಪಿ ಸಾರ್." ಪೆಟ್ಟಿಗೆಯ ಮೇಲೆ ಛಾಪಿಸಿದ ಗಾಳಿಯ ಅಂಕಿಯೂ ಹಾಗೆಯೇ: ಗಂಡಿನ ಕಡೆಯವರು ಹೇಳುವ ಸಂಬಳದಂಥದ್ದು, ಕಡಿತಗಳೆಲ್ಲ ಮದುವೆಯಾದ ಮೇಲೆ. ಸಾಮಾನ್ಯವಾಗಿ ಅದು ಪೈಪಿಲ್ಲದೆ, ಚೀಲವಿಲ್ಲದೆ, ಬರಿಬಾಯಿಯಲ್ಲಿ ಅಳೆದದ್ದು. ಮರದ ಹೊಟ್ಟು ದಾರಿಯಲ್ಲಿ ಕುಸಿಯದೆ ಸಾಗಲು ಗಾಳಿಗೆ ನಿಮಿಷಕ್ಕೆ ಸುಮಾರು 4,000 ಅಡಿ ವೇಗ ಬೇಕು. ಆ ವೇಗದಲ್ಲಿ 4 ಇಂಚಿನ ಪೈಪಿನಲ್ಲಿ ಹಾಯುವುದು ನಿಮಿಷಕ್ಕೆ ಸುಮಾರು 350 ಘನ ಅಡಿ. 6 ಇಂಚಿನದರಲ್ಲಿ 785. ಹಾಗಾಗಿ 2 ಎಚ್‌ಪಿ ಯಂತ್ರ ತಂದು ಅದಕ್ಕೆ 4 ಇಂಚಿನ ಪೈಪು ಸಿಕ್ಕಿಸುವವರು ಅರ್ಧ ಮೋಟರಿನ ದುಡ್ಡನ್ನು ಸುಮ್ಮನೆ ಕೊಟ್ಟಿದ್ದಾರೆ. ಎಷ್ಟೋ 2 ಎಚ್‌ಪಿ ಯಂತ್ರಗಳ ನಿಜವಾದ ಬಾಯಿ ಐದೋ ಆರೋ ಇಂಚಿನದು; ಅದರ ಮುಂದೆ ಎರಡು ಕವಲಿನ ವೈ ತುಂಡೊಂದನ್ನು ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಅದನ್ನು ಬಿಚ್ಚಿ 160 ಮಿ.ಮೀ. ಪೈಪಿಗೆ ದಾರಿ ಮಾಡಿಕೊಟ್ಟರೆ ಯಂತ್ರವೇ ಬದಲಾದಂತಾಗುತ್ತದೆ. ಒಂದೇ ಗರಗಸ, ನಾಲ್ಕಡಿ ದೂರ ಅಂದರೆ 1 ಎಚ್‌ಪಿ, 4 ಇಂಚು ಸಾಕು.

ಕರೆಂಟಿನ ವಿಷಯದಲ್ಲಿ ಮಾತ್ರ ಎಚ್‌ಪಿ ನೋಡಲೇಬೇಕು. 2 ಎಚ್‌ಪಿ ಮೋಟರು ಓಡುವಾಗಲೇ ಒಂಬತ್ತು, ಹತ್ತು ಆಂಪಿಯರ್ ಎಳೆಯುತ್ತದೆ. ಶುರುವಾಗುವ ಕ್ಷಣದಲ್ಲಿ ಅದರ ಐದಾರು ಪಟ್ಟು. ಮೊಬೈಲ್ ಚಾರ್ಜರಿನ 6 ಆಂಪಿಯರ್ ಸಾಕೆಟ್ಟಿಗೆ ಪರಿವರ್ತಕ ಪಿನ್ನು ಹಾಕಿ ಚುಚ್ಚುವ ಸಾಹಸ ಬೇಡ. 16 ಆಂಪಿಯರ್ ಸಾಕೆಟ್ಟು, ಅದಕ್ಕೆ ಪ್ರತ್ಯೇಕ ಲೈನು. ಕರೆಂಟು ಮಿತಿಮೀರಿದರೆ ತಾನೇ ಬೀಳುವ ಎಂಸಿಬಿ ಸ್ವಿಚ್ಚು ಬಿ ವರ್ಗದ್ದಾಗಿದ್ದರೆ ಆ ಮೊದಲ ಎಳೆತಕ್ಕೇ ಬಿದ್ದುಹೋಗುವುದುಂಟು. ಮೋಟರಿಗೆ ಸಿ ವರ್ಗದ್ದು ಬೇಕು. ಎಲೆಕ್ಟ್ರಿಷಿಯನ್ ಬರುವ ತನಕ ಹೊರಗೆ ನೀವು ಸ್ವಿಚ್ ಒತ್ತಿದಾಗಲೆಲ್ಲ ಒಳಗೆ ಧಾರಾವಾಹಿ ನಿಲ್ಲುತ್ತದೆ, ಅದೂ ಸೊಸೆ ಬಾಯಿಬಿಡುವ ಹೊತ್ತಿಗೇ.

ಇನ್ನು ಚೀಲ. ಅಗ್ಗದ ಯಂತ್ರದ ಜೊತೆ ಬರುವುದು ಬಹುಪಾಲು 30 ಮೈಕ್ರಾನಿನ ಬಟ್ಟೆ (ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲೊಂದು ಪಾಲು). ನಮ್ಮ ಕೂದಲು 70 ಮೈಕ್ರಾನಿನ ಆಸುಪಾಸು. ಶ್ವಾಸಕೋಶದ ಆಳಕ್ಕಿಳಿಯುವ ಧೂಳು ಹತ್ತಕ್ಕಿಂತ ಕಡಿಮೆ. ಅಂದರೆ ಆ ಚೀಲ, ಗುಡಿಸಿ ಎತ್ತಬಹುದಾಗಿದ್ದ ದಪ್ಪ ಹೊಟ್ಟನ್ನು ತಾನಿಟ್ಟುಕೊಂಡು ನುಣ್ಣನೆಯದನ್ನು ಪ್ರಸಾದದಂತೆ ಮನೆಗೆಲ್ಲ ಹಂಚುತ್ತದೆ. ಸ್ವಿಚ್ ಹಾಕಿದಾಗ ಅದು ಹೊಟ್ಟೆ ಉಬ್ಬಿಸಿ ಎದ್ದು ನಿಲ್ಲುವ ಗತ್ತು ನೋಡಬೇಕು. ಬಿಸಿಲ ಕೋಲೊಂದು ಕಿಟಕಿಯಿಂದ ಬಿದ್ದಾಗ ಅದರ ಮೈಯಿಂದೇಳುವ ಹೊಗೆಯನ್ನೂ ನೋಡಬೇಕು. ಮರದ ಧೂಳು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1995ರಲ್ಲೇ ಪ್ರಕಟಿಸಿದೆ. ಮರದ ನಾರನ್ನು ಅಂಟು ಹಾಕಿ ಒತ್ತಿದ ಎಂಡಿಎಫ್ ಹಲಗೆ ಆದರೆ ಅಂಟಿನ ಫಾರ್ಮಾಲ್ಡಿಹೈಡ್ ಬೇರೆ. ಆದ್ದರಿಂದ ಇನ್ನೊಂದು ಎಚ್‌ಪಿಗೆ ಆಸೆಪಡುವ ಮೊದಲು ದುಡ್ಡು ಹಾಕಬೇಕಾದ್ದು ಇಲ್ಲಿ: 1 ಮೈಕ್ರಾನಿನ ಫೆಲ್ಟ್ ಚೀಲ, ಇಲ್ಲವೇ ನೆರಿಗೆಯ ಕ್ಯಾನಿಸ್ಟರ್ ಫಿಲ್ಟರು. ಹೊಸ ಫೆಲ್ಟ್ ಚೀಲ ಮೊದಮೊದಲು ಸ್ವಲ್ಪ ಸೋರುತ್ತದೆ. ಒಳಗೆ ಧೂಳಿನ ತೆಳು ಪದರ ಹಿಡಿದ ಮೇಲೆ ತಾನೇ ಸರಿಹೋಗುತ್ತದೆ. ಆ ಪದರವನ್ನು ವಾರಕ್ಕೊಮ್ಮೆ ಬಡಿದು ಬಡಿದು ತೊಲಗಿಸುವ ಶುಚಿವಂತಿಕೆ ಬೇಡ. ಚೀಲವೇ ಇಲ್ಲದೆ ಗಾಳಿಯನ್ನು ಹೊರಕ್ಕೆ ಬಿಡುವುದು ಎಲ್ಲಕ್ಕಿಂತ ಒಳ್ಳೆಯದು, ನಿಜ. ಆದರೆ 30×40 ಸೈಟಿನಲ್ಲಿ "ಹೊರಗೆ" ಅಂದರೆ ಪಕ್ಕದ ಮನೆಯ ಅಡುಗೆಮನೆ.

ಕಲ್ಲು, ಸ್ಕ್ರೂ, ಮರದ ಚೂರು ಫ್ಯಾನಿಗೆ ಬಡಿಯದಂತೆ, ಫಿಲ್ಟರು ಬೇಗ ಕಟ್ಟದಂತೆ ನಡುವೆ ಒಂದು ಡ್ರಮ್ಮು ಇಡುವುದು ಮುಂದಿನ ಹೆಜ್ಜೆ. ಮುಚ್ಚಳದ ಕೆಳಗೆ ಥೀನ್ ಬ್ಯಾಫಲ್ ಎಂಬ ಪ್ಲೈವುಡ್ ತಟ್ಟೆ. ಅದರ ಅಂಚಿನಲ್ಲಿ 240 ಡಿಗ್ರಿ ಉದ್ದಕ್ಕೆ ಒಂದೂಕಾಲಿಂಚಿಗೆ ಚೂರು ಕಡಿಮೆ ಅಗಲದ ಸೀಳು. ಗಾಳಿ ಸುತ್ತುತ್ತದೆ, ಭಾರದ್ದು ಸೀಳಿನಿಂದ ಕೆಳಗಿಳಿಯುತ್ತದೆ. ಎಳೆತ ಸ್ವಲ್ಪ ಕಡಿಮೆಯಾಗುತ್ತದೆ, ಆಗಲಿ. ವ್ಯಾಕ್ಯೂಮ್ ಇಟ್ಟುಕೊಂಡವರು 20 ಲೀಟರಿನ ಪೇಂಟ್ ಬಕೆಟ್ಟಿನ ಮೇಲೆ ಗಾಳಿಯನ್ನು ಸುತ್ತಿಸಿ ಧೂಳನ್ನು ಬೇರ್ಪಡಿಸುವ ಪ್ಲಾಸ್ಟಿಕ್ ಸೈಕ್ಲೋನ್ ಕೂರಿಸುತ್ತಾರೆ. ಎಲ್ಲ ಚೆನ್ನಾಗಿಯೇ ನಡೆದಿರುತ್ತದೆ, ಹೋಸಿನ ತುದಿಗೆ ಒಂದು ಕಾಗದ ಅಂಟಿಕೊಳ್ಳುವ ತನಕ. ಆಮೇಲೆ ಒಂದು ಢಬ್! ಬಕೆಟ್ಟು ಉಪವಾಸ ಬಿದ್ದ ಹೊಟ್ಟೆಯಂತೆ ಒಳಕ್ಕೆ ಹೋಗಿರುತ್ತದೆ. ವ್ಯಾಕ್ಯೂಮಿನ ಎಳೆತ 60 ಇಂಚು ಎತ್ತರ ನಿಂತ ನೀರಿನ ಒತ್ತಡದಷ್ಟಾದರೂ ಇರುತ್ತದೆ, ಅಂದರೆ ಪ್ರತಿ ಚದರ ಅಡಿಗೆ 140 ಕೆಜಿ. ಪೇಂಟ್ ಕಂಪನಿಯವರು ಬಕೆಟ್ಟು ಮಾಡುವಾಗ ಅದನ್ನು ಯೋಚಿಸಿರುವುದಿಲ್ಲ. ಒಂದರೊಳಗೊಂದು ಎರಡು ಬಕೆಟ್ಟು ಇಡಿ, ಒಳಗೆ ಪ್ಲೈವುಡ್ ಬಳೆಯೊಂದನ್ನು ಸಿಕ್ಕಿಸಿ.

ಪೈಪು ಹಾಕುವಾಗ ತೆಳುವಾದ ಟೈಪ್ ಎ ಸಾಕು, ನೀರೇನೂ ಹಾಯಬೇಕಿಲ್ಲ. ಕವಲಿಗೆ ಟೀ ಆಕಾರದ ತುಂಡು ಬೇಡ, ವೈ ಹಾಕಿ. ತೊಂಬತ್ತು ಡಿಗ್ರಿ ಮೊಣಕೈಯ ಬದಲು ಎರಡು ನಲವತ್ತೈದು. ಸುರುಳಿ ಹೋಸು ಅಂದವಾಗಿ ಬಳುಕುತ್ತದೆ, ಆದರೆ ಒಳಗಿನ ಏರಿಳಿತಗಳಿಗೆ ಗಾಳಿ ಮುಗ್ಗರಿಸುತ್ತದೆ. ಕೊನೆಯ ಮೂರಡಿಗೆ ಮಾತ್ರ ಇರಲಿ. ಮತ್ತೆ ಆ 100 ಮತ್ತು 110ರ ಜಗಳಕ್ಕೆ ಪರಿಹಾರ ಪ್ಲಂಬಿಂಗ್ ಅಂಗಡಿಯಲ್ಲಿಲ್ಲ, ಪಂಕ್ಚರ್ ಅಂಗಡಿಯಲ್ಲಿದೆ. 3.50–10 ಅಳತೆಯ ಸ್ಕೂಟರ್ ಟ್ಯೂಬಿನಲ್ಲಿ ಆರಿಂಚಿನ ತುಂಡು. ಒಂದು ತುದಿ ಯಂತ್ರದ ಬಾಯಿಗೆ, ಇನ್ನೊಂದು ಪೈಪಿಗೆ, ಎರಡೂ ಕಡೆ ಹೋಸ್ ಕ್ಲಿಪ್ಪು. ನಡುವೆ ಸಂದಿ ಬಿಡಬೇಡಿ, ಬಿಟ್ಟರೆ ಎಳೆತಕ್ಕೆ ರಬ್ಬರು ಒಳಕ್ಕೆ ಕುಸಿಯುತ್ತದೆ. ಪಂಕ್ಚರಿನವನು ಪೈಪನ್ನೊಮ್ಮೆ, ಟ್ಯೂಬನ್ನೊಮ್ಮೆ ನೋಡಿ "ಇದೆಲ್ಲಿ ಕೂರುತ್ತೆ ಸಾರ್?" ಅನ್ನುತ್ತಾನೆ. ಕೂರುತ್ತದೆ.

ಧೂಳನ್ನು ಹಿಡಿದ ಮೇಲೆ ಅದನ್ನೇನು ಮಾಡುವುದು? ಒಂದು ಕಾಲಕ್ಕೆ ಈ ಪ್ರಶ್ನೆಯೇ ಇರಲಿಲ್ಲ. ಸಾಮಿಲ್ಲಿನ ಮುಂದೆ ಗೋಣಿಚೀಲ ಹಿಡಿದು ನಿಲ್ಲುತ್ತಿದ್ದರು. ತಗಡಿನ ಒಲೆಯ ನಡುವೆ ಒಂದು ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟನ್ನು ಗಿಡಿದು, ಬಾಟಲಿಯನ್ನು ಮೆಲ್ಲಗೆ ತಿರುಗಿಸಿ ಎತ್ತಿದರೆ ಸ್ನಾನದ ನೀರಿಗೆ ಬೆಳಗಿನ ಬೆಂಕಿ ಸಿದ್ಧ. ಎತ್ತುವಾಗ ಕೈ ನಡುಗಿದರೆ ಎಲ್ಲ ಕುಸಿದು ಮತ್ತೆ ಮೊದಲಿಂದ. ಐಸು ಕರಗದಂತೆ ಮುಚ್ಚುತ್ತಿದ್ದುದೂ ಇದೇ ಹೊಟ್ಟನ್ನು. ಹಸಿ ಮರದ ಹೊಟ್ಟಿನ ಆ ವಾಸನೆ ಈಗ ಪ್ಲೈವುಡ್ಡಿನಲ್ಲಿ ಎಲ್ಲಿ ಬರಬೇಕು.

ಬರೀ ತೇಗವೋ ಹಲಸೋ ಆಗಿದ್ದರೆ ಅಡುಗೆಮನೆಯ ಗೊಬ್ಬರದ ಡಬ್ಬಕ್ಕೆ ಹಿಡಿಹಿಡಿಯಾಗಿ ಹಾಕಬಹುದು, ತರಕಾರಿ ಸಿಪ್ಪೆಯ ನೀರನ್ನು ಕುಡಿದುಕೊಳ್ಳುತ್ತದೆ. ಪ್ಲೈವುಡ್, ಎಂಡಿಎಫ್ ಧೂಳನ್ನು ಗಿಡಕ್ಕೂ ಹಾಕುವಂತಿಲ್ಲ, ಒಲೆಗೂ ಹಾಕುವಂತಿಲ್ಲ. ಕಸದ ಗಾಡಿಯ ಹುಡುಗ ಚೀಲ ಎತ್ತಿ ನೋಡಿ "ಹಸಿ ಕಸಾನಾ, ಒಣ ಕಸಾನಾ?" ಅಂತ ಕೇಳುತ್ತಾನೆ. ಒಣ ಕಸ ಅಂದರೆ "ಇದು ಪ್ಲಾಸ್ಟಿಕ್ಕಾ, ಪೇಪರ್ರಾ?" ಅನ್ನುತ್ತಾನೆ. ಮರ ಅಂದರೆ "ಮರ ಎಲ್ಲಿದೆ ಇದ್ರಲ್ಲಿ?" ಅಂತ ಚೀಲದ ಬಾಯಿ ಬಿಚ್ಚುತ್ತಾನೆ. ಅಷ್ಟು ಕಷ್ಟಪಟ್ಟು ಹಿಡಿದಿಟ್ಟ ಧೂಳಿನಲ್ಲಿ ಒಂದಿಷ್ಟು ಅಲ್ಲೇ ಗೇಟಿನ ಮುಂದೆ ಹಾರಿಹೋಗುತ್ತದೆ. ಅವನು ಎರಡು ಸಲ ಸೀನಿ, ನಾಳೆ ನೋಡೋಣ ಅಂದು ಮುಂದಿನ ಮನೆಗೆ ಹೋಗುತ್ತಾನೆ. ಉಳಿದದ್ದು ಬಾಲ್ಕನಿಯ ಮೂಲೆಯಲ್ಲಿ, ಒಣಹಾಕಿದ ಪಂಚೆಯ ಕೆಳಗೇ, ಬಾಯಿ ಕಟ್ಟಿಕೊಂಡು ಕೂತಿದೆ.